ಬ್ರಾಂಚ್ ಆಯ್ಕೆ, ಭಾಗ 4: ಗ್ಲಾಕೋಮಾ ಯಾರಿಗೂ ಬೇಡ್ವಾ?

ಕಣ್ಣಿನ ಡಾಕ್ಟರ್ ಆಗ್ಬೇಕು ಅನ್ನೋರಿಗೆಲ್ಲ ಪೊರೆ ಆಪರೇಷನ್ನೇ ಇಷ್ಟ. ಮಾರನೇ ದಿನ ಪಟ್ಟಿ ಬಿಚ್ಚಿದ್ರೆ ಅಜ್ಜಿ ಕೈ ಮುಗೀತಾರೆ. ಗ್ಲಾಕೋಮಾದಲ್ಲಿ ಆ ಖುಷಿ ಇಲ್ಲ. ಹೋದ ದೃಷ್ಟಿ ವಾಪಸ್ ಬರಲ್ಲ. ಉಳಿದದ್ದನ್ನ ಕಾಯೋದೇ ಕೆಲಸ.

ಎಂಬಿಬಿಎಸ್ 5½ ವರ್ಷ, ಎಂಎಸ್ 3 ವರ್ಷ, ಆಮೇಲೆ ಫೆಲೋಶಿಪ್. ಇಷ್ಟೆಲ್ಲ ಓದಿ, "ಡ್ರಾಪ್ಸ್ ಹಾಕಿದ್ರೂ ಏನೂ ವ್ಯತ್ಯಾಸ ಇಲ್ವಲ್ಲ ಡಾಕ್ಟ್ರೇ" ಅಂತ ಕೇಳಿಸ್ಕೋಬೇಕು. ವ್ಯತ್ಯಾಸ ಆಗದಿರೋದೇ ಗೆಲುವು ಕಣ್ರೋ!

ನಮ್ಮ ತಾತನಿಗೆ ನೋವೇ ಇರಲಿಲ್ಲ. ಪಕ್ಕದ ನೋಟ ಸದ್ದಿಲ್ಲದೆ ಹೋಯ್ತು. ಗೊತ್ತಾಗುವಷ್ಟರಲ್ಲಿ ತಡವಾಗಿತ್ತು.

ಅದಕ್ಕೇ ಹೇಳ್ತೀನಿ, ನಮ್ಮ ಬ್ಯಾಚಿಂದ ಒಬ್ರಾದ್ರೂ ಇದನ್ನ ಆರಿಸ್ಕೊಳ್ಳಿ. ಚಪ್ಪಾಳೆ ಕಮ್ಮಿ. ಆದ್ರೆ ಯಾರದೋ ತಾತ ಕೊನೇವರೆಗೂ ಮೊಮ್ಮಕ್ಕಳ ಮುಖ ನೋಡ್ತಾರೆ.

ಮನೇಲಿ ಯಾರಿಗಾದ್ರೂ ಗ್ಲಾಕೋಮಾ ಇದ್ಯಾ? ನೀವೂ ಒಮ್ಮೆ ಕಣ್ಣಿನ ಒತ್ತಡ, ನರ ಎರಡೂ ಚೆಕ್ ಮಾಡಿಸಿ.