ಒಂದೇ ಸಂಖ್ಯೆ, ಹಲವು ರೂಪ

ಕಂಪ್ಯೂಟರಿನ ಸ್ಮೃತಿಕೋಶದಲ್ಲಿ 01000001 ಎಂಬ ಸಾಲೊಂದು ಇದೆ ಎಂದುಕೊಳ್ಳಿ. ಇದರ ಅರ್ಥವೇನು? ದಶಮಾನ ಪದ್ಧತಿಯಲ್ಲಿ ಓದಿದರೆ ಇದು 65. ಅಷ್ಟಮಾನದಲ್ಲಿ 101, ಷೋಡಶಮಾನದಲ್ಲಿ 41. ಅಕ್ಷರವೆಂದು ಓದಿದರೆ ಇಂಗ್ಲಿಷಿನ ದೊಡ್ಡ ‘ಎ’. ನಾಲ್ಕು ಉತ್ತರಗಳೂ ಸರಿಯೇ. ಇವುಗಳಲ್ಲಿ ಯಾವುದು ಬೇಕು ಎಂಬುದು ಯಂತ್ರಕ್ಕೆ ತಾನಾಗಿ ತಿಳಿಯುವುದಿಲ್ಲ. ಪ್ರೋಗ್ರಾಂ ಬರೆಯುವವರು ಹೇಳಬೇಕು.

ಹಾಗೆ ಹೇಳುವ ಸಂಕೇತಕ್ಕೆ ‘ನಮೂನೆ ಸೂಚಕ’ ಎನ್ನಬಹುದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1970ರ ದಶಕದ ಮೊದಲ ವರ್ಷಗಳಲ್ಲಿ ಡೆನ್ನಿಸ್ ರಿಚಿ ರೂಪಿಸಿದ ‘ಸಿ’ ಭಾಷೆಯನ್ನು ಕಲಿತ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ. ಆ ಭಾಷೆಯ ‘ಪ್ರಿಂಟ್‌ಎಫ್’ ಎಂಬ ಆದೇಶದಲ್ಲಿ ಶೇಕಡಾ ಚಿಹ್ನೆಯ ಮುಂದೆ ಒಂದು ಅಕ್ಷರ ಬರುತ್ತದೆ. ‘%ಡಿ’ ಎಂದರೆ ದಶಮಾನ ಸಂಖ್ಯೆ, ‘%ಎಕ್ಸ್’ ಎಂದರೆ ಷೋಡಶಮಾನ, ‘%ಸಿ’ ಎಂದರೆ ಅಕ್ಷರ. ಸೂಚಕ ತಪ್ಪಿದರೆ ಉತ್ತರವೂ ತಪ್ಪುತ್ತದೆ. 32 ಸ್ಥಾನಗಳಲ್ಲೂ 1 ಇರುವ ಸಂಖ್ಯೆಯನ್ನು ‘%ಡಿ’ಯಿಂದ ಮುದ್ರಿಸಿದರೆ -1 ಬರುತ್ತದೆ, ಋಣ ಚಿಹ್ನೆಯಿಲ್ಲದ ಸಂಖ್ಯೆಗೆಂದು ಇರುವ ‘%ಯು’ವಿನಿಂದ ಮುದ್ರಿಸಿದರೆ 4294967295 ಬರುತ್ತದೆ. ಸ್ಮೃತಿಯಲ್ಲಿ ಇದ್ದದ್ದು ಮಾತ್ರ ಒಂದೇ.

ಸಾಮಾನ್ಯ ಪ್ರೋಗ್ರಾಮಿನಲ್ಲಿ ಇದು ಸಣ್ಣ ತಪ್ಪು. ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆಯಲ್ಲಿ ಹಾಗಲ್ಲ. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ‘ಲಿನಕ್ಸ್’ ಇಂದು ಆಂಡ್ರಾಯ್ಡ್ ಮೊಬೈಲುಗಳಿಂದ ಹಿಡಿದು ಮಹಾಗಣಕಗಳವರೆಗೆ ಎಲ್ಲೆಡೆ ಇದೆ. ಇದರ ತಿರುಳಿಗೆ ‘ಕರ್ನಲ್’ ಎಂದು ಹೆಸರು. ಯಂತ್ರಾಂಶವನ್ನು ನೇರವಾಗಿ ಆಳುವ ಈ ತಿರುಳು ಹೊರಗಿನ ಸಿದ್ಧ ಆದೇಶಗಳ ಭಂಡಾರವನ್ನು ಬಳಸುವಂತಿಲ್ಲ. ಆದ್ದರಿಂದ ಮುದ್ರಣಕ್ಕೆ ಅದು ‘ಪ್ರಿಂಟ್‌ಕೆ’ ಎಂಬ ತನ್ನದೇ ಆದೇಶವನ್ನು ಇಟ್ಟುಕೊಂಡಿದೆ. ಯಂತ್ರ ಕೆಟ್ಟಾಗ ಏನಾಯಿತೆಂದು ತಿಳಿಯಲು ತಂತ್ರಜ್ಞರು ಮೊದಲು ನೋಡುವುದು ಇದು ಬರೆದಿಟ್ಟ ಸಾಲುಗಳನ್ನೇ. ವೈದ್ಯರಿಗೆ ರೋಗಿಯ ಜ್ವರದ ಪಟ್ಟಿ ಇದ್ದಂತೆ ಇದು.

ತಿರುಳಿನ ಅಗತ್ಯಗಳು ವಿಶೇಷವಾದವು. ಜಾಲದಲ್ಲಿರುವ ಒಂದು ಕಂಪ್ಯೂಟರಿನ ವಿಳಾಸವನ್ನು ಒಂದೇ ಸಂಖ್ಯೆಯಾಗಿ ಬರೆದರೆ 3232235777 ಎಂದಾಗುತ್ತದೆ. ಅದನ್ನೇ 192.168.1.1 ಎಂದು ಬರೆದರೆ ಕಣ್ಣಿಗೆ ಹಿತ, ತಪ್ಪು ಹುಡುಕುವುದೂ ಸುಲಭ. ಇದಕ್ಕಾಗಿ ಲಿನಕ್ಸಿನವರು ‘%ಪಿ’ ಎಂಬ ಹಳೆಯ ಸೂಚಕಕ್ಕೆ ಬಾಲ ಜೋಡಿಸುತ್ತ ಹೋದರು. ‘%ಪಿ’ ಎಂದರೆ ಮೂಲದಲ್ಲಿ ಸ್ಮೃತಿಯ ವಿಳಾಸ. ಅದರ ಮುಂದೆ ‘ಐ4’ ಸೇರಿಸಿದರೆ ಮೇಲೆ ಹೇಳಿದ ಜಾಲ ವಿಳಾಸ, ‘ಎಂ’ ಸೇರಿಸಿದರೆ ಜಾಲ ಸಾಧನದ ಗುರುತಿನ ಸಂಖ್ಯೆ, ‘ಎಸ್’ ಸೇರಿಸಿದರೆ ಆ ವಿಳಾಸದಲ್ಲಿರುವ ಆದೇಶದ ಹೆಸರು. ಇಂಥ ಬಾಲಗಳು ವರ್ಷದಿಂದ ವರ್ಷಕ್ಕೆ ಬೆಳೆಯುತ್ತ ಬಂದವು.

ತೊಡಕು ಇಲ್ಲೇ ಇದೆ. ‘%ಡಿ’ ಇರಬೇಕಾದ ಕಡೆ ‘%ಎಸ್’ ಬರೆದರೆ ‘ಸಿ’ ಭಾಷೆಯ ಕಂಪೈಲರ್ ಎಚ್ಚರಿಸುತ್ತದೆ. ಆದರೆ ಅದರ ಕಣ್ಣಿಗೆ ‘%ಪಿ’ ಮಾತ್ರ ಸೂಚಕ. ಹಿಂದೆ ಬರುವ ಬಾಲ ಬರಿಯ ಅಕ್ಷರ. ತಪ್ಪು ಬಾಲ ಹಾಕಿದರೂ ಅದು ಸುಮ್ಮನಿರುತ್ತದೆ. ತಿರುಳು ಮಾತ್ರ ಆ ಬಾಲವನ್ನು ನಂಬಿ, ಸ್ಮೃತಿಯಲ್ಲಿ ಇಲ್ಲದ ವಸ್ತುವನ್ನು ಇದೆಯೆಂದು ಓದಲು ಹೊರಡುತ್ತದೆ. ಕೆಲವೊಮ್ಮೆ ಇಡೀ ಯಂತ್ರವೇ ನಿಂತುಹೋಗಬಹುದು. ಹೀಗಾಗಿ ಬರೆಯುವವರಿಗೆ ಮುಖ್ಯ ಆಸರೆ ಎಂದರೆ ಕೈಪಿಡಿ.

ಆ ಕೈಪಿಡಿ ಎಲ್ಲಿತ್ತು? ಎರಡು ಕಡೆ ಇತ್ತು. ಒಂದು, ಮುದ್ರಣದ ಕೆಲಸ ಮಾಡುವ ಪ್ರೋಗ್ರಾಮಿನ ಒಳಗೇ ಬರೆದ ಟಿಪ್ಪಣಿ. ಇನ್ನೊಂದು, ದಾಖಲೆಗಳ ವಿಭಾಗದಲ್ಲಿದ್ದ ಪ್ರತ್ಯೇಕ ಕಡತ. ಹೊಸ ಸೂಚಕ ಸೇರಿಸುವವರು ಎರಡನ್ನೂ ತಿದ್ದಬೇಕು. ಒಂದನ್ನು ತಿದ್ದಿ ಇನ್ನೊಂದನ್ನು ಮರೆತರೆ ಎರಡು ಪಟ್ಟಿಗಳು ಎರಡು ಮಾತು ಆಡತೊಡಗುತ್ತವೆ. ಅಂಗಡಿಯ ಲೆಕ್ಕವನ್ನು ಅಣ್ಣ ಒಂದು ಪುಸ್ತಕದಲ್ಲಿ, ತಮ್ಮ ಇನ್ನೊಂದರಲ್ಲಿ ಬರೆದಿಟ್ಟರೆ ವರ್ಷದ ಕೊನೆಗೆ ಯಾವುದನ್ನು ನಂಬುವುದು?

2017ರ ಕೊನೆಗೆ ಈ ಪ್ರಶ್ನೆ ಇನ್ನಷ್ಟು ಗಂಭೀರವಾಯಿತು. ತಿರುಳು ಮುದ್ರಿಸುವ ಸ್ಮೃತಿ ವಿಳಾಸಗಳು ಕಳ್ಳನಿಗೆ ಮನೆಯ ನಕ್ಷೆ ಕೊಟ್ಟಂತೆ; ದಾಳಿಕೋರರು ಅವುಗಳ ನೆರವಿನಿಂದ ಒಳಗೆ ನುಗ್ಗಬಲ್ಲರು. ಆದ್ದರಿಂದ ಬಾಲವಿಲ್ಲದ ‘%ಪಿ’ ಇನ್ನು ಮುಂದೆ ನಿಜವಾದ ವಿಳಾಸ ತೋರಿಸದೆ, ಅದನ್ನು ಕಲಸಿ ಪಡೆದ ಬೇರೊಂದು ಸಂಖ್ಯೆಯನ್ನು ತೋರಿಸಬೇಕೆಂದು ಲಿನಕ್ಸಿನವರು ತೀರ್ಮಾನಿಸಿದರು. 2018ರ ಜನವರಿಯಲ್ಲಿ ಹೊರಬಂದ 4.15ನೇ ಆವೃತ್ತಿಯಲ್ಲಿ ಇದು ಜಾರಿಗೆ ಬಂತು. ನಿಜವಾದ ವಿಳಾಸವೇ ಬೇಕಾದವರಿಗೆ ‘%ಪಿಎಕ್ಸ್’ ಎಂಬ ಬೇರೆ ಸೂಚಕ ಬಂತು.

ಗಮನಿಸಬೇಕಾದ ಸಂಗತಿ ಇದು: ಸೂಚಕ ಅದೇ, ಅರ್ಥ ಬದಲಾಯಿತು. ಅಲ್ಲಿಯವರೆಗೆ ಕೈಪಿಡಿಯಲ್ಲಿ ಕೊರತೆಯಿದ್ದರೆ ಅನನುಕೂಲ ಮಾತ್ರ ಆಗುತ್ತಿತ್ತು. ಈಗ ಹಳೆಯ ಕೈಪಿಡಿ ಓದಿದವರು ಸುಳ್ಳನ್ನೇ ಕಲಿತಂತಾಗುತ್ತಿತ್ತು. ಅದೇ ಹೊತ್ತಿಗೆ ಹಳೆಯ ಕಡತವನ್ನು ಹೊಸ ರೂಪಕ್ಕೆ ತಂದು, ವಿಷಯವಾರು ವಿಂಗಡಿಸಿ, ಉದಾಹರಣೆಗಳೊಡನೆ ಒಂದೆಡೆ ಜೋಡಿಸಲಾಯಿತು. ಪ್ರೋಗ್ರಾಮಿನ ಒಳಗಿನ ಟಿಪ್ಪಣಿ ಈಗಲೂ ಇದೆ. ಆದರೆ ‘ಇಲ್ಲಿ ಬದಲಾಯಿಸಿದರೆ ಆ ಕೈಪಿಡಿಯನ್ನೂ ತಿದ್ದಿರಿ’ ಎಂಬ ಎಚ್ಚರಿಕೆ ಅದರಲ್ಲಿದೆ. ಹೊಸ ಸೂಚಕ ಸೇರಿಸಿದವರು ಸಾಧ್ಯವಾದರೆ ಅದಕ್ಕೊಂದು ಪರೀಕ್ಷೆಯನ್ನೂ ಸೇರಿಸಬೇಕೆಂಬ ಕೋರಿಕೆ ಕೈಪಿಡಿಯಲ್ಲಿದೆ.

ಇದು ಬರಿಯ ಗುಮಾಸ್ತರ ಕೆಲಸವಲ್ಲವೇ ಎಂದು ಕೆಲವರಿಗೆ ಅನಿಸಬಹುದು. ಅಮೆರಿಕದ ನಾಸಾ ಸಂಸ್ಥೆಯ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ನೌಕೆ ಮಂಗಳ ಗ್ರಹವನ್ನು ಸಮೀಪಿಸುತ್ತಿದ್ದಂತೆ 1999ರ ಸೆಪ್ಟೆಂಬರ್ 23ರಂದು ಕಳೆದುಹೋದದ್ದನ್ನು ಅಂಥವರು ನೆನೆಯಬೇಕು. ಭೂಮಿಯಲ್ಲಿದ್ದ ಒಂದು ತಂತ್ರಾಂಶ ನೂಕುಬಲದ ಲೆಕ್ಕವನ್ನು ಪೌಂಡ್ ಮಾನದಲ್ಲಿ ಕೊಟ್ಟಿತು. ಪಡೆದುಕೊಂಡವರು ಅದನ್ನು ನ್ಯೂಟನ್ ಮಾನವೆಂದು ಓದಿದರು. ಒಂದು ಪೌಂಡ್ ಬಲವೆಂದರೆ ಸುಮಾರು 4.45 ನ್ಯೂಟನ್. ಲೆಕ್ಕ ಅಷ್ಟು ಪಟ್ಟು ತಪ್ಪಿತು. ಮೆಟ್ರಿಕ್ ಮಾನ ಬಳಸಬೇಕೆಂದು ದಾಖಲೆಯಲ್ಲಿ ಬರೆದೇ ಇತ್ತು. ತಂತ್ರಾಂಶ ಅದನ್ನು ಪಾಲಿಸಿರಲಿಲ್ಲ. ಸಂಖ್ಯೆ ಎಷ್ಟು ಮುಖ್ಯವೋ ಅದನ್ನು ಹೇಗೆ ಓದಬೇಕೆಂಬ ಒಪ್ಪಂದವೂ ಅಷ್ಟೇ ಮುಖ್ಯ. ಆ ಒಪ್ಪಂದ ಒಂದು ಕಡೆ ಸ್ಪಷ್ಟವಾಗಿ ಇರಬೇಕು, ಎಲ್ಲರೂ ಅದನ್ನು ನೋಡಿಯೇ ನಡೆಯಬೇಕು.

ಕಂಪ್ಯೂಟರ್ ಕಲಿಯುವ ಮಕ್ಕಳು ಪ್ರೋಗ್ರಾಂ ಬರೆದರೆ ಸಾಕು, ವಿವರಣೆ ಬರೆಯುವುದು ಕಾಲಹರಣ ಎಂದು ಭಾವಿಸುವುದುಂಟು. ಲಿನಕ್ಸಿನ ತಿರುಳು ಯಾರು ಬೇಕಾದರೂ ತೆರೆದು ಓದಬಹುದಾದ ತಂತ್ರಾಂಶ. ಅದರ ಕೈಪಿಡಿಯಲ್ಲಿ ಕಂಡ ತಪ್ಪನ್ನು ತಿದ್ದಿ ಕಳಿಸಲು ದೊಡ್ಡ ಪದವಿ ಬೇಕಿಲ್ಲ. ಗಮನವಿಟ್ಟು ಓದುವ ಅಭ್ಯಾಸ ಬೇಕು. ಹೊಸಬರು ಒಳಗೆ ಬರಲು ಇದು ಒಳ್ಳೆಯ ಬಾಗಿಲು.

ಮನೆಯಲ್ಲೂ ಇದನ್ನು ಅಭ್ಯಾಸ ಮಾಡಿಸಬಹುದು. ಪ್ರಯೋಗದ ಪುಸ್ತಕದಲ್ಲಿ ಮಗು ಬರಿಯ ‘25’ ಎಂದು ಬರೆದಿದ್ದರೆ, ‘25 ಏನು? ಸೆಂಟಿಮೀಟರೋ, ಗ್ರಾಮೋ, ಡಿಗ್ರಿಯೋ?’ ಎಂದು ತಂದೆತಾಯಿ ಕೇಳಬೇಕು. ಉತ್ತರ ಗೊತ್ತಿದ್ದರೂ ಅದನ್ನು ಪುಸ್ತಕದಲ್ಲಿ ಬರೆಸಬೇಕು. ಆರು ತಿಂಗಳ ನಂತರ ಆ ಪುಟ ತೆರೆಯುವವರಿಗೆ, ಅದು ಆ ಮಗುವೇ ಆಗಿದ್ದರೂ, ನೆನಪು ಆಸರೆಯಾಗುವುದಿಲ್ಲ, ಬರೆದದ್ದು ಆಗುತ್ತದೆ.