ಸೈಕಲ್ಲಿನ ಫೋಟೊದಾಗ ಬುದ್ಧಿ ಯಾಕೆ ಕಾಣಂಗಿಲ್ಲ?

ಸೈಕಲ್ಲಿನ ಫೋಟೊ ತೆಗೆಯೋರ ಮೇಲೆ ನನ್ನದೊಂದು ತಕರಾರು ಐತೆ. ಅದನ್ನ ಇಲ್ಲಿ ಬಿಚ್ಚಿ ಹೇಳ್ತೀನಿ. ನಾನು ಫೋಟೊಗ್ರಾಫರ್ ಅಲ್ಲ, ಎಂಜಿನಿಯರೂ ಅಲ್ಲ. ಆದವಾನಿ ಕಡೆಯ ಒಂದು ಹಳ್ಳಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಸೈಕಲ್ ಶಾಪು ಇಟ್ಟುಕೊಂಡವನು. ಪಂಚರ್ ಹಾಕೋದು, ರಿಮ್ಮಿನ ಬೆಂಡು ತೆಗೆಯೋದು, ಚೈನು ಬಿಚ್ಚಿ ಕೂಡಿಸೋದು ನನ್ನ ಕಸುಬು. ಹಂಗಾಗಿ ಸೈಕಲ್ಲು ಕಂಡ ಕೂಡಲೆ ನನ್ನ ಕಣ್ಣು ಹೋಗೋದು ಅದು ಹೆಂಗೆ ಕಟ್ಟಿದ್ದು ಅನ್ನೋ ಕಡೆಗೆ.

ಕ್ಯಾಮೆರಾ ಹಿಡಿದವರು ನಮ್ಮ ಸೀಮೆಗೂ ಬರ್ತಾರೆ. ದಸರಾದಾಗ ದೇವರಗಟ್ಟಿಗೆ ಬಂದು ಬಡಿಗೆ ಬಡಿದಾಟವನ್ನೂ ಒಡೆದ ತಲೆಗಳನ್ನೂ ತೆಗೆದುಕೊಂಡು ಹೋಗ್ತಾರೆ. ಹತ್ತಿ ಸುಗ್ಗಿಯಾಗ ಆದವಾನಿ ಮಾರ್ಕೆಟ್ ಯಾರ್ಡಿನ ಬಿಳಿ ರಾಶಿ ತೆಗೀತಾರೆ. ಹೋಗೋ ದಾರಿಯಲ್ಲಿ ಒಂದು ಸೈಕಲ್ ಕಂಡರೆ ಗಾಡಿ ನಿಲ್ಲಿಸ್ತಾರೆ. ಆ ಫೋಟೊ ಹೆಂಗಿರ್ತದೆ ಅಂತ ನೀವೂ ನೋಡೀರಿ. ಹಿಂದೆ ಮುಳುಗೋ ಸೂರ್ಯ, ಮುಂದೆ ತುಕ್ಕು ಹಿಡಿದ ಸೈಕಲ್ಲು, ಅದನ್ನ ತಳ್ಳೋ ಒಬ್ಬ ಮುದುಕಪ್ಪ. ಕೆಳಗೆ 'ಬದುಕಿನ ಬಂಡಿ' ಅಂತ ಒಂದು ಹೆಸರು. ಈಗ ನಮ್ಮ ಹುಡುಗರೂ ಮೊಬೈಲಿನಾಗೆ ಅದನ್ನೇ ತೆಗೀತಾರೆ. ಚಂದ ಇರ್ತದೆ, ಇಲ್ಲ ಅನ್ನಲ್ಲ. ಆದರೆ ಆ ಫೋಟೊದಾಗ ಬಡತನ ಕಾಣ್ತದೆ, ಮುಪ್ಪು ಕಾಣ್ತದೆ, ಆ ಮನುಷ್ಯನ ಬುದ್ಧಿ ಮಾತ್ರ ಕಾಣಂಗಿಲ್ಲ. ನನ್ನ ತಕರಾರು ಅದೇ.

ಪ್ಲಾಸ್ಟಿಕ್ ಕೊಡ ಮಾರೋಕೆ ನಮ್ಮೂರಿಗೆ ಬರುವವನನ್ನ ತಗೊಳ್ಳಿ. ಕೊಡಗಳನ್ನ ಆಳೆತ್ತರ ಕಟ್ಟಿರ್ತಾನೆ. ಕೊಡ ಹಗುರ, ಆದರೆ ಗಾಳಿ ಹಿಡೀತದೆ. ಎದುರುಗಾಳಿಗೆ ಸೈಕಲ್ಲು ಹೊಯ್ದಾಡಿ ಬಿದ್ದುಹೋಗಬೇಕು. ಬೀಳಲ್ಲ, ಯಾಕೆ? ಕೊಡಕ್ಕೆ ಬದಲಾಗಿ ಅವನು ಹಳೆ ಕಬ್ಬಿಣ ತಗೋತಾನಲ್ಲ, ಆ ಕಬ್ಬಿಣದ ಚೀಲವನ್ನ ಹಿಂದಿನ ಗಾಲಿಯ ಅಚ್ಚಿನ ಮಟ್ಟಕ್ಕೆ ಎರಡೂ ಬದಿಗೆ ಇಳಿಬಿಟ್ಟಿರ್ತಾನೆ. ಭಾರ ಕೆಳಗೆ, ಹಗುರ ಮೇಲೆ. ಹಳೆ ಮಂಚದ ಕಾಲಿನಿಂದ ಅಗಲವಾದ ಸ್ಟ್ಯಾಂಡು ಮಾಡಿಸ್ಯಾನೆ. ಮುಂದಿನ ಫೋರ್ಕಿಗೆ ಎರಡು ಸರಳು ಬೆಸುಗೆ ಹಾಕಿಸ್ಯಾನೆ. ಕೊಡದ ರಾಶಿಯ ಬಣ್ಣಕ್ಕೆ ಮರುಳಾಗಿ ಫೋಟೊ ಹೊಡೆಯೋರು ಬಾಳ ಮಂದಿ. ಕೆಳಗೆ ಬಗ್ಗಿ ಆ ಚೀಲ ಎಲ್ಲಿ ತೂಗಿದೆ ಅಂತ ನೋಡಿದವರನ್ನ ನಾನು ಕಂಡಿಲ್ಲ.

ಸಾಣೆ ಹಿಡಿಯೋನ ಸೈಕಲ್ಲೂ ಹಂಗೇ. ಸ್ಟ್ಯಾಂಡ್ ಹಾಕಿ ಸೀಟಿನ ಮೇಲೆ ಕುಂತು ಪೆಡಲ್ ತುಳೀತಾನೆ. ಹಿಂದಿನ ಗಾಲಿಗೆ ಕೂಡಿಸಿದ ಇನ್ನೊಂದು ರಿಮ್ಮಿನಿಂದ ಬೆಲ್ಟು ಹೊರಟು ದಂಡಿಯ ಮೇಲಿನ ಸಣ್ಣ ಗಾಲಿಗೆ ಹೋಗ್ತದೆ, ಸಾಣೆಕಲ್ಲು ಗಿರ್ರನೆ ತಿರುಗ್ತದೆ. ದೊಡ್ಡ ಗಾಲಿ ಒಂದು ಸುತ್ತು ಬರೋದ್ರೊಳಗೆ ಸಣ್ಣ ಗಾಲಿ ಎಷ್ಟು ಸುತ್ತು? ಇದನ್ನೇ ಶಾಲೆಯಲ್ಲಿ ಕರಿ ಹಲಗೆ ಮೇಲೆ ಬರೆದು ಮಕ್ಕಳಿಗೆ ತಲೆನೋವು ತರಿಸ್ತಾರೆ.

'ಅಯ್ಯೋ, ಅದು ಬಡವರ ಪರದಾಟ ಕಣಯ್ಯ, ಅದಕ್ಕೆ ಡಿಸೈನ್ ಗಿಸೈನ್ ಅಂತ ದೊಡ್ಡ ಹೆಸರು ಯಾಕೆ?' ಅಂತ ಒಬ್ಬ ಮೇಷ್ಟ್ರು ನನಗೆ ಅಂದರು. ಮೇಷ್ಟ್ರೇ, ಸೈಕಲ್ಲು ಹುಟ್ಟಿದ್ದು ಹೆಂಗೆ ಅಂತ ನೋಡೋಣ ಬರ್ರಿ. 1817ರಲ್ಲಿ ಜರ್ಮನಿಯ ಮ್ಯಾನ್‌ಹೈಮ್ ಊರಲ್ಲಿ ಕಾರ್ಲ್ ಡ್ರೈಸ್ ಅನ್ನೋ ಅರಣ್ಯ ಅಧಿಕಾರಿ ಎರಡು ಗಾಲಿಯ ಮರದ ಗಾಡಿ ಮಾಡಿದ. ಪೆಡಲ್ಲಿಲ್ಲ, ಚೈನಿಲ್ಲ, ಕಾಲಿಂದ ನೆಲ ಒದ್ದು ಓಡಿಸೋದು. ಅದಕ್ಕೆ ಮುಂಚೆ, 1815ರಲ್ಲಿ, ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಯುರೋಪಿನಲ್ಲಿ ಬೇಸಿಗೆಯೇ ಬರದೆ ಬೆಳೆ ಹೋಗಿತ್ತು. ಮೇವಿಲ್ಲದೆ ಕುದುರೆ ಸತ್ತವು, ಅದಕ್ಕೇ ಡ್ರೈಸ್ ಕುದುರೆ ಇಲ್ಲದ ಗಾಡಿ ಯೋಚಿಸಿದ ಅಂತ ಕೆಲವು ಇತಿಹಾಸಕಾರರು ಹೇಳ್ತಾರೆ. ಹಂಗಾದರೆ ಸೈಕಲ್ಲು ಬರಗಾಲದ ಕೂಸು. ಬರಗಾಲ ಅಂದರೆ ಏನು ಅಂತ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ.

1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಗಾಲಿ ಹೆಚ್ಚು ಕಡಿಮೆ ಸಮ ಇಟ್ಟು, ಚೈನಿನಿಂದ ಹಿಂದಿನ ಗಾಲಿ ತಿರುಗಿಸಿದ. ಇವತ್ತು ನಾವು ತುಳಿಯೋದು ಅದರ ಮರಿಮಕ್ಕಳನ್ನೇ. 1888ರಲ್ಲಿ ಗಾಳಿ ತುಂಬಿದ ಟಯರು ಮಾಡಿದ ಡನ್‌ಲಪ್ ದನದ ಡಾಕ್ಟರು. ಮಗನ ಮೂರು ಗಾಲಿ ಸೈಕಲ್ಲು ಗಡಗಡ ಅಂತಿತ್ತು ಅಂತ ಮಾಡಿದ. 1903ರಲ್ಲಿ ವಿಮಾನ ಹಾರಿಸಿದ ರೈಟ್ ಅಣ್ಣತಮ್ಮಂದಿರು ಅಮೆರಿಕದ ಡೇಟನ್ ಊರಲ್ಲಿ ನನ್ನಂಗೇ ಸೈಕಲ್ ಶಾಪು ಇಟ್ಟವರು. ಅವರ ವಿಮಾನದ ಪಂಖ ತಿರುಗಿಸಿದ್ದೂ ಚೈನೇ. ಅವರು ಮಾಡಿದ್ದು ಡಿಸೈನು, ನಮ್ಮ ಕೊಡದವನು ಮಾಡಿದ್ದು ಪರದಾಟ ಅನ್ನೋದು ಯಾವ ನ್ಯಾಯ? ಅವರದ್ದನ್ನ ಯಾರೋ ಅಳತೆ ಸಮೇತ ಬರೆದಿಟ್ಟರು, ಚಿತ್ರ ತೆಗೆದಿಟ್ಟರು. ನಮ್ಮದನ್ನ ಯಾರೂ ಇಡಲಿಲ್ಲ. ವ್ಯತ್ಯಾಸ ಇಷ್ಟೇ.

ಫೋಟೊಗ್ರಾಫರುಗಳಿಗೆ ಇದು ಬರೋದಿಲ್ಲ ಅಂತಲ್ಲ. ಫ್ರಾನ್ಸಿನ ಹೆನ್ರಿ ಕಾರ್ತಿಯೇ ಬ್ರೆಸನ್ ಅನ್ನೋ ದೊಡ್ಡ ಫೋಟೊಗ್ರಾಫರ್ 1932ರಲ್ಲಿ ಇಯೇರ್ ಅನ್ನೋ ಊರಲ್ಲಿ ಮೆಟ್ಟಿಲ ಮೇಲಿಂದ ಒಂದು ಚಿತ್ರ ತೆಗೆದ. ಸುರುಳಿ ಮೆಟ್ಟಿಲು, ಕೆಳಗೆ ಬೀದಿಯಲ್ಲಿ ಮಂಜು ಮಂಜಾಗಿ ಹಾದುಹೋಗೋ ಒಂದು ಸೈಕಲ್ಲು. ಅದರಲ್ಲಿ ಸೈಕಲ್ಲಿನ ಓಟ ಐತೆ. ಅದೇ ಮನುಷ್ಯ 1966ರಲ್ಲಿ ಕೇರಳದ ತುಂಬಾಕ್ಕೆ ಬಂದಾಗ ತೆಗೆದ ಚಿತ್ರ ನೀವೆಲ್ಲ ನೋಡಿರ್ತೀರಿ: ರಾಕೆಟ್ಟಿನ ಮೂತಿಯನ್ನ ಸೈಕಲ್ಲಿನ ಹಿಂದೆ ಇಟ್ಟು ಇಬ್ಬರು ತಳ್ಳಿಕೊಂಡು ಹೋಗ್ತಾರೆ. ಅದನ್ನ ನೋಡಿ 'ಆಗ ನಾವು ಎಷ್ಟು ಬಡವರಿದ್ವಿ' ಅಂತ ಎಲ್ಲರೂ ಅಂತಾರೆ. ನನ್ನ ಕಣ್ಣಿಗೆ ಮೊದಲು ಬೀಳೋದು ಕ್ಯಾರಿಯರ್ರು. ಭಾರ ಎಲ್ಲಿ ಕುಂತದೆ, ಒಬ್ಬ ಹ್ಯಾಂಡಲ್ ಹಿಡಿದರೆ ಇನ್ನೊಬ್ಬ ಏನು ಮಾಡ್ತಾನೆ, ಎಲ್ಲ ಅದರಲ್ಲಿ ಓದಬಹುದು. ಒಂದೇ ಕಣ್ಣು ಚಂದವನ್ನೂ ಹಿಡೀತು, ಕೆಲಸವನ್ನೂ ಹಿಡೀತು. ಆದ್ದರಿಂದ 'ಕಲೆ ಬೇರೆ, ಕೆಲಸ ಬೇರೆ' ಅನ್ನೋ ಮಾತು ನನ್ನ ಹತ್ತಿರ ನಡೆಯಲ್ಲ.

ಈ ಫೋಟೊದ ಮಾತು ಬರೀ ಮಾನ ಅಪಮಾನದ್ದು ಅಂತ ತಿಳೀಬೇಡಿ. ಹೊಟ್ಟೆಪಾಡಿನದೂ ಹೌದು. ಮಹಾರಾಷ್ಟ್ರದ ಜಳಗಾವ್ ಜಿಲ್ಲೆಯಲ್ಲಿ ಗೋಪಾಲ್ ಮಲ್ಹಾರಿ ಭಿಸೆ ಅನ್ನೋ ಸಣ್ಣ ರೈತ ಎತ್ತು ಕಟ್ಟೋ ಶಕ್ತಿ ಇಲ್ಲದೆ ಸೈಕಲ್ಲನ್ನೇ ಎಡೆಕುಂಟೆ ಮಾಡಿದ. ಮುಂದಿನ ಗಾಲಿ, ಹ್ಯಾಂಡಲ್ ಉಳಿಸಿಕೊಂಡು ಹಿಂದಿನ ಗಾಲಿ ಇರಬೇಕಾದಲ್ಲಿ ಕುಡ ಕೂಡಿಸಿ 'ಕೃಷಿರಾಜ' ಅಂತ ಹೆಸರಿಟ್ಟ. ನ್ಯಾಷನಲ್ ಇನ್ನೋವೇಷನ್ ಫೌಂಡೇಶನ್ ಅದನ್ನ ಗುರುತಿಸಿತು. ಜಳಗಾವ್ ಕೂಡ ಹತ್ತಿ ಸೀಮೆ, ನಮ್ಮಂಗೇ.

ನಮ್ಮೂರಲ್ಲಿ ಎರಡು ಎಕರೆ ಎರೆ ಹೊಲ ಇರೋ ಒಬ್ಬ ಅಕ್ಕ. ಗಂಡ ತೀರಿಕೊಂಡಾನೆ, ಎತ್ತಿಲ್ಲ. ಎಡೆ ಹೊಡೆಯೋ ಹೊತ್ತಿಗೆ ಬಾಡಿಗೆ ಎತ್ತು ಸಿಗೋದಿಲ್ಲ, ಸಿಗೋ ಹೊತ್ತಿಗೆ ಕಳೆ ಮೊಣಕಾಲಿಗೆ ಬಂದಿರ್ತದೆ. ಇಂಥ ಸೈಕಲ್ ಕುಂಟೆಯ ಫೋಟೊ ಇದ್ದ ಒಂದು ಪೇಪರಿನ ತುಂಡು ತಂದು 'ತಮ್ಮಾ, ಇದನ್ನ ಮಾಡಿಕೊಡ್ತೀಯೇನು?' ಅಂತ ಕೇಳಿದಳು. ಫೋಟೊ ನೋಡಿದೆ. ರೈತನ ರುಮಾಲು ಕಾಣ್ತದೆ, ನಗು ಕಾಣ್ತದೆ, ಹಿಂದೆ ಮೋಡ ಕಾಣ್ತದೆ. ಕುಡ ಮಾತ್ರ ಹುಲ್ಲಿನಲ್ಲಿ ಮುಚ್ಚಿಹೋಗಿ, ಅದು ಎಷ್ಟು ಓರೆ, ಎಲ್ಲಿ ಬೋಲ್ಟು, ಏನೂ ತಿಳಿಯೋದಿಲ್ಲ. ನಾನೂ ಕಮ್ಮಾರನೂ ಕೂಡಿ ಓರೆ ಬದಲಿಸಿ ಬದಲಿಸಿ ಅಳತೆ ಹುಡುಕೋದ್ರೊಳಗೆ ಆ ಮುಂಗಾರು ಹೋಯ್ತು. ಮರುವರ್ಷ ಕುಂಟೆ ಓಡಿತು, ಅಕ್ಕನೇ ತಳ್ಳಿಕೊಂಡು ಎಡೆ ಹೊಡೆದಳು. ಆದರೆ ಹೋದ ವರ್ಷದ ಬೆಳೆ? ಬದಿಯಿಂದ ತೆಗೆದ ಒಂದು ನೆಟ್ಟನೆ ಫೋಟೊ ಇದ್ದಿದ್ದರೆ ಒಂದು ವಾರದ ಕೆಲಸ ಅದು.

ಇನ್ನು ಶಾಲೆಯ ಮಾತು. ನಮ್ಮ ಕಡೆ ಕೋಸಿಗಿ, ಹೊಳಗುಂದ ಸುತ್ತಿನ ಹಳ್ಳಿಗಳಿಂದ ಜನ ಗುಂಟೂರಿಗೆ ಮೆಣಸಿನಕಾಯಿ ಬಿಡಿಸೋಕೆ, ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗ್ತಾರೆ. ಮಕ್ಕಳು ಶಾಲೆ ಬಿಡೋದಕ್ಕೆ ಕಾರಣ ಹುಡುಕಬೇಕಾಗಿಲ್ಲ. ಹೈಸ್ಕೂಲು ದೂರ ಆದರೆ ಮೊದಲು ಬಿಡೋದು ಹುಡುಗಿ. ಸರ್ಕಾರಗಳು ಸೈಕಲ್ ಕೊಟ್ಟವು, ಒಳ್ಳೆಯದು ಮಾಡಿದವು. ಬಿಹಾರದಲ್ಲಿ 2006ರಲ್ಲಿ ಹುಡುಗಿಯರಿಗೆ ಅಂತ ಶುರುವಾಯ್ತು, ಪಕ್ಕದ ಕರ್ನಾಟಕದಲ್ಲಿ 2006-07ರಿಂದ ಎಂಟನೇ ತರಗತಿ ಮಕ್ಕಳಿಗೆ ಕೊಟ್ಟರು. ಆದರೆ ಸೈಕಲ್ಲು ಮಾಡಿದವರಿಗೆ ನಮ್ಮ ದಾರಿ ಗೊತ್ತಿಲ್ಲ. ನಮ್ಮ ದಾರಿ ತುಂಬ ಬಳ್ಳಾರಿ ಜಾಲಿ. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ನಮ್ಮನ್ನ ಬಿಡಿಸಿ ಆಂಧ್ರಕ್ಕೆ ಸೇರಿಸಿದರು, ಆ ಮುಳ್ಳು ಮಾತ್ರ ನಮ್ಮನ್ನ ಬಿಡಲಿಲ್ಲ! ದಿನಾ ಪಂಚರ್ ಆದರೆ ಹುಡುಗಿ ಎಷ್ಟು ದಿನ ತಳ್ಳಿಕೊಂಡು ಹೋದಾಳು? ನಮ್ಮಂಥ ಶಾಪಿನವರು ಹಳೆ ಟಯರಿನ ಅಂಚು ಕತ್ತರಿಸಿ, ಟಯರಿಗೂ ಟ್ಯೂಬಿಗೂ ನಡುವೆ ಪಟ್ಟಿ ಕೊಡ್ತೀವಿ. ಗಾಲಿ ಸ್ವಲ್ಪ ಭಾರ ಆಗ್ತದೆ, ಮುಳ್ಳು ಟ್ಯೂಬಿಗೆ ಮುಟ್ಟೋದಿಲ್ಲ. ಹಿಂಗೆ ಪಟ್ಟಿ ಕೊಟ್ಟ ಸೈಕಲ್ಲಿನ ಮೇಲೆ ಹತ್ತನೇ ಪರೀಕ್ಷೆ ಬರೆದು ಬಂದ ಹುಡುಗಿಯರು ನಮ್ಮೂರಲ್ಲಿ ಇದ್ದಾರೆ.

ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ 1990ರ ದಶಕದ ಮೊದಲಲ್ಲಿ, ಶೀಲಾ ರಾಣಿ ಚುಂಕತ್ ಕಲೆಕ್ಟರ್ ಆಗಿದ್ದಾಗ, ಅಕ್ಷರ ಕಲಿಸೋ ಆಂದೋಲನದ ಜೊತೆಗೇ ಸಾವಿರಾರು ಹೆಂಗಸರು ಸೈಕಲ್ ಕಲಿತರು. ಅದರ ಬಗ್ಗೆ ಬರೆದ ಪತ್ರಕರ್ತ ಪಿ. ಸಾಯಿನಾಥ್ ಒಂದು ಮಾತು ಗಮನಿಸಿದ್ದಾರೆ: ಕೆಲವು ಹೆಂಗಸರಿಗೆ ಗಂಡಸರ ಸೈಕಲ್ಲೇ ಬೇಕಾಗಿತ್ತು, ಯಾಕಂದರೆ ನಡುವಿನ ದಂಡಿಯ ಮೇಲೆ ಕೂಸನ್ನ ಕೂರಿಸಬಹುದು. ಹೆಂಗಸರ ಸೈಕಲ್ಲಿಗೆ ದಂಡಿ ಬೇಡ ಅಂತ ಕಂಪನಿಯವರು ತೀರ್ಮಾನ ಮಾಡಿದ್ದರು. ಬೇಕು ಅಂದವರು ತುಳಿಯೋರು. ಡಿಸೈನ್ ಅಂದರೆ ಇದೇ.

ಮೇಷ್ಟ್ರುಗಳೇ, ಬೇಜಾರು ಮಾಡ್ಕೋಬೇಡಿ. ವಿಜ್ಞಾನ ಮೇಳದಾಗ ನೀವು ಇಡಿಸೋ ಥರ್ಮಾಕೋಲಿನ ಜ್ವಾಲಾಮುಖಿ ನೋಡಿ ನೋಡಿ ನನಗೆ ಸಾಕಾಗಿದೆ. ಶಾಲೆ ಗೇಟಿನ ಹೊರಗೆ ಸಾಣೆಯವನು ನಿಂತಿರ್ತಾನೆ, ಅವನನ್ನ ಒಳಗೆ ಕರೀರಿ. 48 ಹಲ್ಲಿನ ದೊಡ್ಡ ಚಕ್ರ, 18 ಹಲ್ಲಿನ ಫ್ರೀವ್ಹೀಲ್ ಇದ್ದರೆ ಪೆಡಲ್ ಒಂದು ಸುತ್ತಿಗೆ ಗಾಲಿ ಎರಡೂಮುಕ್ಕಾಲಿಗೆ ಸ್ವಲ್ಪ ಕಮ್ಮಿ ಸುತ್ತು ಬರ್ತದೆ. 28 ಇಂಚಿನ ಗಾಲಿಯ ಸುತ್ತಳತೆ ಸುಮಾರು 2.2 ಮೀಟರ್. ಹಂಗಾದರೆ ಒಂದು ತುಳಿತಕ್ಕೆ ಎಷ್ಟು ದೂರ? ಮಕ್ಕಳೇ ಅಂಗಳದಾಗ ಸುಣ್ಣದ ಗೆರೆ ಹಾಕಿ ಅಳೀಲಿ. ಕೇಂದ್ರ ಸರ್ಕಾರದ ಇನ್‌ಸ್ಪೈರ್ ಮಾನಕ್ ಯೋಜನೆಗೆ ಹೈಸ್ಕೂಲು ಮಕ್ಕಳ ಹೊಸ ಯೋಚನೆ ಕಳಿಸಬಹುದು. ಆಯ್ಕೆಯಾದರೆ ಮಾದರಿ ಮಾಡೋಕೆ 10,000 ರೂಪಾಯಿ ಬರ್ತದೆ. ಕೇರಳದ ರಮ್ಯಾ ಜೋಸ್ ಅನ್ನೋ ಹುಡುಗಿ ತಾಯಿಗೆ ಹುಷಾರಿಲ್ಲದಾಗ ಪೆಡಲ್ ತುಳಿದು ಬಟ್ಟೆ ಒಗೆಯೋ ಯಂತ್ರ ಮಾಡಿದಾಗ ಅವಳೂ ಶಾಲೆ ಹುಡುಗಿಯೇ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಿಬಿಡ್ತೀನಿ. 'ಆಹಾ, ನಮ್ಮ ಹಳ್ಳಿಯವರ ಜಾಣತನ' ಅಂತ ಹೊಗಳಿ, ರಸ್ತೆ ಹಾಕದೆ, ಬಸ್ಸು ಬಿಡದೆ ಹೋಗೋರ ಜೊತೆ ನಾನಿಲ್ಲ. ಬಿಹಾರದ ಮೋತಿಹಾರಿ ಕಡೆಯ ಮೊಹಮ್ಮದ್ ಸೈದುಲ್ಲಾ 1975ರ ಪ್ರವಾಹದಾಗ ನೀರಿನ ಮೇಲೆ ತೇಲೋ ಸೈಕಲ್ಲು ಮಾಡಿದ. ಅವನ ಫೋಟೊ ದೇಶವೆಲ್ಲ ಓಡಾಡಿತು, ಪ್ರಶಸ್ತಿಯೂ ಬಂತು. ಅಂಥ ಸೈಕಲ್ಲು ನೀವು ಎಷ್ಟು ಊರಲ್ಲಿ ಕಂಡೀರಿ? ಹೊಗಳಿಕೆ ಬೇರೆ, ಕೈಹಿಡಿಯೋದು ಬೇರೆ.

ಹಂಗಾದರೆ ಏನು ಮಾಡಬೇಕು? ಫೋಟೊ ಬಿಡ್ರಿ ಅನ್ನಲ್ಲ, ಇನ್ನೂ ತೆಗೀರಿ ಅಂತೀನಿ. ಒಂದು ಸೈಕಲ್ಲಿಗೆ ನಾಲ್ಕು ಫೋಟೊ. ಮೊದಲನೇದು ಸುಣ್ಣದ ಗೋಡೆ ಮುಂದೆ ನಿಲ್ಲಿಸಿ, ಚೈನಿನ ಕಡೆಯಿಂದ, ಮೊಬೈಲನ್ನ ಗಾಲಿಯ ಅಚ್ಚಿನ ಎತ್ತರಕ್ಕೆ ಇಳಿಸಿ, ಹತ್ತು ಹೆಜ್ಜೆ ಹಿಂದೆ ಸರಿದು ತೆಗೀರಿ. ಹತ್ತಿರ ನಿಂತರೆ ಗಾಲಿ ಸೊಟ್ಟ ಕಾಣ್ತದೆ. ಎರಡನೇದು ಭಾರ ಹೇರಿದ ಮೇಲೆ. ಮೂರನೇದು ಕೆಲಸ ಮಾಡುವಾಗ. ನಾಲ್ಕನೇದು ಬೆಸುಗೆಯ ಜಾಗ, ಪಕ್ಕಕ್ಕೆ ಒಂದು ಬೆಂಕಿಪೊಟ್ಟಣ ಇಟ್ಟು, ಅಳತೆ ತಿಳಿಯೋ ಹಂಗೆ. ಅವನನ್ನ ಕೇಳಿ, ಒಪ್ಪಿದರೆ ಹೆಸರು ಬರೀರಿ. ಯಾಕೆ ಹಿಂಗೆ ಮಾಡಿದೆ, ಎಷ್ಟು ಖರ್ಚಾಯ್ತು, ಯಾರು ಬೆಸುಗೆ ಹಾಕಿದರು, ಅದನ್ನೂ ಬರೀರಿ. ಇಷ್ಟಾದ ಮೇಲೆ ಸಂಜೆ ಬಿಸಿಲಿಗೆ ಮಾಳಿಗೆ ಹತ್ತಿ ಸೈಕಲ್ಲಿನ ಉದ್ದನೆ ನೆರಳಿನ ಫೋಟೊ ಬೇಕಾದರೂ ತೆಗೀರಿ. ಯಾರು ಬೇಡ ಅಂತಾರೆ?

ಈ ವಾಚನಾಲಯದಾಗ ಒಂದು ದಪ್ಪ ನೋಟ್‌ಬುಕ್ ಇಡಬೇಕು ಅನ್ನೋದು ನನ್ನ ಬೇಡಿಕೆ. ಫೋಟೊ ಅಂಟಿಸಿ, ಪಕ್ಕಕ್ಕೆ ಅಳತೆ ಬರೆದು, ಯಾವ ಊರಿನ ಯಾವ ರೈತ ಬಂದರೂ ನೋಡೋ ಹಂಗಿರಬೇಕು. ಮೊದಲನೇ ಪುಟಕ್ಕೆ ಅಕ್ಕನ ಎಡೆಕುಂಟೆ ನಾನು ಕೊಡ್ತೀನಿ, ಕುಡದ ಓರೆ ಸಮೇತ. ಎರಡನೇ ಪುಟ ಯಾರದು?