ಮನೆಯಲ್ಲೇ ಓದಲಿ, ಒಬ್ಬಳೇ ಓದುವುದು ಬೇಡ

ನಮ್ಮ ಕಡೆ ಒಂದು ಮಾತಿದೆ. ಹೈಸ್ಕೂಲಿಗೆ ಹೋಗುವ ಹುಡುಗಿಗೆ ಬಸ್ಸಿನ ಸಮಯ ಹೊಂದದಿದ್ದರೆ, ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ, ಗಣಿತದಲ್ಲಿ ಎರಡು ಸಲ ಅಂಕ ಕಡಿಮೆ ಬಂದರೆ ಹಿರಿಯರೊಬ್ಬರು ಹೇಳಿಬಿಡುತ್ತಾರೆ: ‘ಮನೇಲೇ ಓದ್ಕೊಳ್ಳಲಿ ಬುಡಿ, ಪರೀಕ್ಷೆ ಕಟ್ಟುದ್ರಾಯ್ತು.’ ಈ ಮಾತನ್ನು ನಂಜನಗೂಡಿನಲ್ಲೂ ಕೇಳಿದ್ದೇನೆ, ತಿ.ನರಸೀಪುರದಲ್ಲೂ ಕೇಳಿದ್ದೇನೆ. ಹುಡುಗಿಯ ವಿಷಯದಲ್ಲಿ ಇದರ ಅರ್ಥ ಬಹಳ ಸಲ ಓದು ಮುಗಿಯಿತು ಎಂದೇ. ಪುಸ್ತಕ ಕಪಾಟು ಸೇರುತ್ತದೆ, ಅವಳು ಅಡುಗೆಮನೆ ಸೇರುತ್ತಾಳೆ. ಸ್ವಲ್ಪ ದಿನಕ್ಕೆ ಗಂಡು ನೋಡುವ ಮಾತು ಶುರುವಾಗುತ್ತದೆ.

ಕಳೆದ ವರ್ಷ ಇದೇ ಮಾತು ನನ್ನ ಚಿಕ್ಕಮ್ಮನ ಮಗಳ ಬಗ್ಗೆ ಬಂತು. ಅವರಿರುವುದು ತಿ.ನರಸೀಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಚಿಕ್ಕಮ್ಮನಿಗೆ ಆಪರೇಷನ್ ಆಗಿ ತಿಂಗಳುಗಟ್ಟಲೆ ಏಳುವಂತಿರಲಿಲ್ಲ. ಅಡುಗೆ, ಹಸು, ತಮ್ಮನನ್ನು ಶಾಲೆಗೆ ಕಳಿಸುವ ಕೆಲಸ ಎಲ್ಲ ಹದಿನೈದರ ಹುಡುಗಿಯ ತಲೆಗೆ ಬಿತ್ತು. ಒಂಬತ್ತನೇ ತರಗತಿಯ ಮಧ್ಯದಲ್ಲಿ ಶಾಲೆ ನಿಂತಿತು. ಮನೆಯಲ್ಲಿ ಯಾರೂ ಕೆಟ್ಟವರಲ್ಲ. ಎಲ್ಲರೂ ಅವಳು ಮನೆಯಲ್ಲೇ ಓದುತ್ತಾಳೆ ಎಂದು ನಿಜವಾಗಿಯೇ ನಂಬಿದ್ದರು. ಹಾಗಾದರೆ ಹೈಸ್ಕೂಲನ್ನು ಮನೆಯಲ್ಲೇ ಓದಲು ಸಾಧ್ಯವೇ? ಸಾಧ್ಯ ಎಂದೇ ನನ್ನ ಉತ್ತರ. ಆದರೆ ಒಂದು ಷರತ್ತಿದೆ.

ಮೊದಲು ದಾರಿಗಳನ್ನು ನೋಡೋಣ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರೆಗಿನ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣದ ಭರವಸೆ ಕೊಡುತ್ತದೆ. ಗಮನಿಸಿ, ಕಾನೂನು ಕೈಬಿಡುವ ವಯಸ್ಸೂ ನಮ್ಮ ಹುಡುಗಿಯರು ಶಾಲೆ ಬಿಡುವ ವಯಸ್ಸೂ ಹೆಚ್ಚುಕಡಿಮೆ ಒಂದೇ. ಅಲ್ಲಿಂದ ಮುಂದೆ ಎರಡು ಬಾಗಿಲುಗಳಿವೆ. ಒಂದು, 1989ರಲ್ಲಿ ಶುರುವಾದ ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಇಂದಿನ ಎನ್‌ಐಒಎಸ್. 14 ತುಂಬಿದವರು ಇಲ್ಲಿ ಹತ್ತನೇ ತರಗತಿಗೆ ಸಮಾನವಾದ ಪರೀಕ್ಷೆಗೆ ಸೇರಬಹುದು. ಕನಿಷ್ಠ ಐದು ವಿಷಯ ಪಾಸಾಗಬೇಕು. ಐದು ವರ್ಷದೊಳಗೆ ಒಂಬತ್ತು ಅವಕಾಶಗಳಿವೆ, ಒಂದೊಂದೇ ವಿಷಯ ಮುಗಿಸಿಕೊಂಡು ಹೋಗಬಹುದು. ಇನ್ನೊಂದು, ನಮ್ಮದೇ ಎಸ್ಎಸ್ಎಲ್‌ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯುವುದು. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿರುವುದರಿಂದ ಒಂದು ಸಲ ಎಡವಿದರೂ ವರ್ಷ ಹಾಳಾಗುವುದಿಲ್ಲ.

ಆದರೆ ಪರೀಕ್ಷೆ ಕಟ್ಟುವುದು ಬೇರೆ, ಓದುವುದು ಬೇರೆ. ಎಂಟನೇ ತರಗತಿಯಲ್ಲೇ ಬೀಜಗಣಿತ ಬಿಟ್ಟುಹೋದವಳು ಹಸುವಿಗೆ ಹುಲ್ಲು ಹಾಕಿ ಬಂದು ವರ್ಗಸಮೀಕರಣವನ್ನು ಯಾರ ಸಹಾಯವೂ ಇಲ್ಲದೆ ಬಿಡಿಸಬೇಕು ಎಂದರೆ ಹೇಗೆ? ಇದು ನಮ್ಮ ಹಳ್ಳಿಯ ಸಮಸ್ಯೆ ಮಾತ್ರವೂ ಅಲ್ಲ. ಅಮೆರಿಕದಲ್ಲಿ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವ ಕುಟುಂಬಗಳು ಬಹಳ. ಅವರಲ್ಲಿ ಕ್ರೈಸ್ತ ನಂಬಿಕೆಯ ಕಾರಣಕ್ಕೆ ಹಾಗೆ ಮಾಡುವವರ ಸಂಖ್ಯೆ ದೊಡ್ಡದು. 1993ರ ಹೊತ್ತಿಗೆ ಅಲ್ಲಿನ ಐವತ್ತೂ ರಾಜ್ಯಗಳಲ್ಲಿ ಇದಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿತ್ತು. ಚಿಕ್ಕ ತರಗತಿಗಳನ್ನು ಅಪ್ಪ ಅಮ್ಮ ಹೇಗೋ ನಿಭಾಯಿಸುತ್ತಾರೆ. ಹೈಸ್ಕೂಲಿನ ರಸಾಯನಶಾಸ್ತ್ರ, ಬೀಜಗಣಿತ ಬಂದಾಗ ಅವರಿಗೂ ಕಷ್ಟವೇ. ಆಗ ಹತ್ತಾರು ಕುಟುಂಬಗಳು ಸೇರಿ ‘ಕೋ-ಆಪ್’ ಮಾಡಿಕೊಳ್ಳುತ್ತವೆ. ವಾರಕ್ಕೆ ಒಂದೆರಡು ದಿನ ಚರ್ಚ್ ಹಾಲ್‌ನಂಥ ಕಡೆ ಮಕ್ಕಳೆಲ್ಲ ಸೇರುತ್ತಾರೆ. ವಿಜ್ಞಾನ ಬಲ್ಲ ತಾಯಿ ವಿಜ್ಞಾನ ಹೇಳುತ್ತಾಳೆ, ಲೆಕ್ಕ ಬಲ್ಲ ತಂದೆ ಲೆಕ್ಕ ಹೇಳುತ್ತಾನೆ. ಉಳಿದ ದಿನಗಳಿಗೆ ಹೋಂವರ್ಕ್ ಇರುತ್ತದೆ. ನಮ್ಮ ಹಾಲಿನ ಡೇರಿ ಸಂಘದ ಹಾಗೆಯೇ ಇದು. ಒಬ್ಬೊಬ್ಬರೂ ತಮ್ಮಲ್ಲಿರುವುದನ್ನು ತಂದು ಹಾಕುತ್ತಾರೆ.

ಇಂಥದ್ದೊಂದು ಪಾಠವನ್ನು ನಾನು ನಂಜನಗೂಡಿನಲ್ಲೇ ಕೂತು ಕೇಳಿದ್ದೇನೆ. ನಾನು ಎಸ್ಎಸ್ಎಲ್‌ಸಿಯಲ್ಲಿದ್ದದ್ದು 2020–21ರಲ್ಲಿ, ಕೊರೊನಾ ವರ್ಷ. ಚಂದನ ವಾಹಿನಿಯಲ್ಲಿ ಪಾಠ ಬರುತ್ತಿತ್ತು, ಆದರೆ ಟಿವಿಗೆ ಡೌಟು ಕೇಳಲಾಗುವುದಿಲ್ಲ. ಶಿಕ್ಷಕರೇ ಊರೂರಿಗೆ ಬಂದು ಮರದ ಕೆಳಗೆ, ದೇವಸ್ಥಾನದ ಜಗುಲಿಯಲ್ಲಿ ಪಾಠ ಮಾಡುತ್ತಿದ್ದ ವಿದ್ಯಾಗಮ ಆಗಸ್ಟ್‌ನಲ್ಲಿ ಶುರುವಾಗಿ ಅಕ್ಟೋಬರ್‌ನಲ್ಲಿ ನಿಂತಿತು. ಆಮೇಲೆ ನಮ್ಮ ಬಡಾವಣೆಯ ಕೆಲವು ಕ್ರೈಸ್ತ ಕುಟುಂಬಗಳು ತಮ್ಮ ಮಕ್ಕಳಿಗಾಗಿ ಚರ್ಚ್‌ನ ಹಿಂದಿನ ಹಾಲ್‌ನಲ್ಲಿ ಪಾಠ ಶುರುಮಾಡಿದವು. ವಾರ ಕಳೆಯುವುದರೊಳಗೆ ನಮ್ಮಂಥ ಬೇರೆ ಮನೆಯವರೂ ಹೋಗಿ ಕೂತೆವು. ಮಾಸ್ಕ್ ಹಾಕಿಕೊಂಡು, ದೂರ ದೂರ ಕೂರುತ್ತಿದ್ದ ನಾವು ಒಟ್ಟು ಹನ್ನೊಂದು ಮಕ್ಕಳು. ನರ್ಸ್ ಆಗಿದ್ದ ಆಂಟಿಯೊಬ್ಬರು ಜೀವಶಾಸ್ತ್ರ ಹೇಳಿದರು. ರಿಟೈರ್ ಆಗಿದ್ದ ಅಂಕಲ್ ಒಬ್ಬರು ಇಂಗ್ಲಿಷ್ ಹೇಳಿದರು. ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ಅಣ್ಣ ಬ್ಯಾಟರಿ, ಬಲ್ಬು, ಫ್ಯೂಸ್ ವೈರ್ ತಂದು ವಿದ್ಯುತ್ ಪಾಠವನ್ನು ಮಾಡಿಯೇ ತೋರಿಸಿದರು. ಪಿಯುಸಿ ಓದಿದ್ದ ನನ್ನ ಅಮ್ಮ ಕನ್ನಡ ವ್ಯಾಕರಣ ತೆಗೆದುಕೊಂಡರು. ಫೀಸ್ ಇರಲಿಲ್ಲ. ಬೋರ್ಡು, ಚಾಕ್‌ಪೀಸಿನ ಖರ್ಚನ್ನು ಮನೆಗಳು ಹಂಚಿಕೊಂಡವು.

ಅಲ್ಲಿ ಪಾಠ ಮಾಡಿದವರಲ್ಲಿ ಒಬ್ಬರಿಗೂ ಬಿ.ಇಡಿ ಇರಲಿಲ್ಲ. ಆದರೂ ಅದು ನಡೆದದ್ದು ಒಂದು ಕಾರಣಕ್ಕೆ: ಬೆಳಿಗ್ಗೆ ಹತ್ತಕ್ಕೆ ನಮಗಾಗಿ ಯಾರೋ ಕಾಯುತ್ತಿದ್ದರು. ಒಂದು ದಿನ ತಪ್ಪಿಸಿದರೆ ಸಂಜೆ ಆಂಟಿ ಮನೆ ಬಾಗಿಲಿಗೇ ಬಂದು ‘ಯಾಕಪ್ಪಾ ಬರಲಿಲ್ಲ?’ ಎಂದು ಕೇಳುತ್ತಿದ್ದರು. ಜನವರಿ 1ಕ್ಕೆ ಹತ್ತನೇ ತರಗತಿಗಳು ತೆರೆದ ಮೇಲೂ ಎರಡನೇ ಅಲೆ ಬರುವವರೆಗೆ ಭಾನುವಾರ ಮಧ್ಯಾಹ್ನ ಸೇರುತ್ತಿದ್ದೆವು. ನಾನು ಹೇಳಿದ ಷರತ್ತು ಇದೇ. ಮನೆಯಲ್ಲಿ ಓದುವ ಮಗುವಿಗೆ ಪುಸ್ತಕ, ಮೊಬೈಲು, ಯೂಟ್ಯೂಬ್ ಇದ್ದರೆ ಸಾಲದು. ಗೊತ್ತಾದ ಹೊತ್ತು ಬೇಕು, ಜೊತೆಗೆ ಕೂರುವವರು ಬೇಕು, ಬಾರದಿದ್ದರೆ ಯಾಕೆ ಎಂದು ಕೇಳುವವರು ಬೇಕು.

ಇದಕ್ಕೆ ಆಕ್ಷೇಪಗಳಿವೆ, ಅವು ಸಣ್ಣವಲ್ಲ. ಒಂದೇ ಧರ್ಮದ, ಒಂದೇ ಜಾತಿಯ ಕುಟುಂಬಗಳು ಮಕ್ಕಳನ್ನು ಶಾಲೆಯಿಂದ ಬಿಡಿಸಿ ಪಾಠ ಹೇಳಿದರೆ ಆ ಮಗು ಬೇರೆ ಜನರನ್ನು ಕಾಣುವುದೆಲ್ಲಿ? ಜರ್ಮನಿಯಲ್ಲಿ ಮಕ್ಕಳು ಶಾಲೆಗೇ ಹೋಗಬೇಕೆಂಬ ಕಾನೂನಿದೆ. ಧಾರ್ಮಿಕ ಕಾರಣಕ್ಕೆ ಮನೆಪಾಠ ಬೇಕೆಂದ ಕ್ರೈಸ್ತ ಪೋಷಕರ ಅರ್ಜಿಯನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2006ರಲ್ಲಿ ಒಪ್ಪಲಿಲ್ಲ. ಮಕ್ಕಳು ಸಮಾಜದೊಂದಿಗೆ ಬೆರೆಯುವುದೂ ಶಾಲೆಯ ಕೆಲಸ ಎಂಬ ವಾದ ಅಲ್ಲಿ ನಿಂತಿತು. ನನಗೂ ಅದು ಸರಿ ಎನಿಸುತ್ತದೆ. ಹಾಗೆಂದು ಧಾರ್ಮಿಕ ಸಂಸ್ಥೆಗಳು ಪಾಠದಿಂದ ದೂರವಿರಬೇಕು ಎನ್ನಲಾರೆ. ನಮ್ಮ ತಾಲ್ಲೂಕಿನದೇ ಸುತ್ತೂರು ಮಠ 1954ರಲ್ಲಿ ಜೆಎಸ್ಎಸ್ ಮಹಾವಿದ್ಯಾಪೀಠ ಕಟ್ಟಿತು. ಮೈಸೂರಿನಲ್ಲಿ ಕ್ರೈಸ್ತ ಮಿಷನ್‌ಗಳ ಶಾಲೆಗಳಲ್ಲಿ ಎಲ್ಲ ಜಾತಿ, ಧರ್ಮದವರೂ ಓದಿದ್ದಾರೆ. ನಮ್ಮ ಚರ್ಚ್ ಹಾಲ್‌ನಲ್ಲೂ ಪಾಠಕ್ಕೆ ಮುಂಚೆ ಅವರು ಪುಟ್ಟ ಪ್ರಾರ್ಥನೆ ಮಾಡುತ್ತಿದ್ದರು, ನಾವು ಸುಮ್ಮನೆ ನಿಲ್ಲುತ್ತಿದ್ದೆವು. ನಮ್ಮನ್ನು ಯಾರೂ ಏನೂ ಹೇಳು ಎನ್ನಲಿಲ್ಲ. ಜಾಗ ಯಾರದ್ದಾದರೂ ಇರಲಿ, ಬಾಗಿಲು ಎಲ್ಲರಿಗೂ ತೆರೆದಿರಬೇಕು.

ಇನ್ನೊಂದು ಆಕ್ಷೇಪ: ಹೀಗೆ ನಾವೇ ಪಾಠ ಮಾಡಿಕೊಂಡರೆ ಸರ್ಕಾರ ಬಸ್ ಬಿಡುವುದೂ ಬೇಡ, ಶಿಕ್ಷಕರನ್ನು ಕೊಡುವುದೂ ಬೇಡ ಎಂದಾಗುವುದಿಲ್ಲವೇ? ಅದಕ್ಕೇ ಹೇಳುತ್ತೇನೆ, ಶಾಲೆಗೆ ಹೋಗಲು ಸಾಧ್ಯವಿರುವ ಒಂದು ಮಗುವನ್ನೂ ಇದಕ್ಕಾಗಿ ಬಿಡಿಸಬಾರದು. ಲ್ಯಾಬು, ಆಟದ ಮೈದಾನ, ಬಿಸಿಯೂಟ, ಗೆಳತಿಯರು, ಇವನ್ನು ಭಾನುವಾರದ ಎರಡು ಗಂಟೆ ಕೊಡಲಾರದು. ಮತ್ತೆ ಶಾಲೆಗೆ ಸೇರಿಸಲು ಆಗುವುದಾದರೆ ಅದೇ ಮೊದಲ ಕೆಲಸ. ಆಗದೇ ಇರುವವಳಿಗೆ ಮಾತ್ರ ಈ ದಾರಿ. ಅವಳಿಗೆ ಈಗ ಇರುವುದು ಬರೀ ‘ಓದ್ಕೊಳ್ಳಲಿ ಬುಡಿ’ ಎಂಬ ಮಾತು.

ಚಿಕ್ಕಮ್ಮನ ಮನೆಯಲ್ಲಿ ಈ ಜೂನ್‌ನಿಂದ ಅಂಥ ಪಾಠ ನಡೆಯುತ್ತಿದೆ. ಅವಳ ಜೊತೆ ಅದೇ ಬೀದಿಯ ಇನ್ನಿಬ್ಬರು ಹುಡುಗಿಯರಿದ್ದಾರೆ. ಇಬ್ಬರಲ್ಲಿ ಒಬ್ಬಳು ಎಸ್ಎಸ್ಎಲ್‌ಸಿಯಲ್ಲಿ ಗಣಿತ, ವಿಜ್ಞಾನ ಉಳಿಸಿಕೊಂಡವಳು. ಭಾನುವಾರ ನಾನು ನಂಜನಗೂಡಿನಿಂದ ಬಸ್ ಹತ್ತಿ ಹೋಗಿ ಗಣಿತ ಹೇಳುತ್ತೇನೆ. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವ ಪಕ್ಕದ ಮನೆಯ ಅಕ್ಕ ಬುಧವಾರ ಸಮಾಜ, ಇಂಗ್ಲಿಷ್ ಹೇಳುತ್ತಾರೆ. ಮೊದಲ ಎರಡು ವಾರ ಚಿಕ್ಕಪ್ಪ ‘ಇದೆಲ್ಲಾ ಎಷ್ಟು ದಿನ ನಡೀತದೆ ಮಗಾ?’ ಅಂದರು. ಈಗ ಭಾನುವಾರ ಹಸು ಕಟ್ಟುವ ಕೆಲಸ ಅವರದೇ. ಮೂವರೂ ಪಾಸಾಗುತ್ತಾರೋ ಇಲ್ಲವೋ ಈಗಲೇ ಹೇಳಲಾರೆ. ಭಿನ್ನರಾಶಿಯಿಂದ ಶುರುಮಾಡಿದ್ದೇವೆ, ಇನ್ನೂ ಬಹಳ ದೂರ ಇದೆ. ಆದರೆ ಗಂಡು ನೋಡುವ ಮಾತು ಸದ್ಯಕ್ಕೆ ನಿಂತಿದೆ. ‘ಪರೀಕ್ಷೆ ಆಗಲಿ, ಆಮೇಲೆ ನೋಡೋಣ’ ಎನ್ನುತ್ತಿದ್ದಾರೆ. ನನಗೆ ಅಷ್ಟೂ ದೊಡ್ಡದೇ.

ಈ ಪುಟ ಓದುವ ನಮ್ಮಲ್ಲಿ ಹಲವರು ಕಾಲೇಜಿನಲ್ಲಿದ್ದೇವೆ, ಕೆಲವರು ಕೆಪಿಎಸ್‌ಸಿ, ಬ್ಯಾಂಕ್ ಪರೀಕ್ಷೆಗೆ ಓದುತ್ತಾ ಮನೆಯಲ್ಲಿದ್ದೇವೆ. ಹತ್ತನೇ ತರಗತಿಯ ಗಣಿತ, ವಿಜ್ಞಾನ, ಸಮಾಜ ನಮಗೂ ಬೇಕಾದದ್ದೇ. ಹೇಳಿಕೊಟ್ಟರೆ ನಮಗೂ ಗಟ್ಟಿಯಾಗುತ್ತದೆ. ನಿಮ್ಮ ಬೀದಿಯಲ್ಲಿ ಶಾಲೆ ಬಿಟ್ಟವರು ಯಾರಿದ್ದಾರೆ ಎಂದು ಮೊದಲು ಕೇಳಿ. ಹತ್ತಿರದ ಹೈಸ್ಕೂಲಿಗೆ ಹೋಗಿ ಮರುಸೇರ್ಪಡೆ ಸಾಧ್ಯವೇ, ಇಲ್ಲದಿದ್ದರೆ ಖಾಸಗಿ ಅಭ್ಯರ್ಥಿಯ ನೋಂದಣಿ ಯಾವಾಗ ಎಂದು ವಿಚಾರಿಸಿ. ಇಬ್ಬರು ಮೂವರು ಸೇರಿ ವಿಷಯ ಹಂಚಿಕೊಳ್ಳಿ, ಒಬ್ಬರೇ ಹೊತ್ತುಕೊಂಡರೆ ಇಂಟರ್ನಲ್ಸ್ ಬಂದಾಗ ಕೈಬಿಡುತ್ತೀರಿ. ದೇವಸ್ಥಾನದ ಜಗುಲಿ, ಮಸೀದಿಯ ಅಂಗಳ, ಚರ್ಚ್ ಹಾಲ್, ಯಾವುದು ಸಿಕ್ಕರೂ ಸರಿ. ವಾರಕ್ಕೆ ಎರಡು ಗಂಟೆ ಸಾಕು. ಆ ಎರಡು ಗಂಟೆ ಮಾತ್ರ ತಪ್ಪಿಸಬೇಡಿ.